ಮೂರು ಕೆಂಪು ಪಟ್ಟೆ

ರುದ್ರಮುನಿ ತೀರಿಕೊಂಡು ಹತ್ತು ತಿಂಗಳಾದರೂ ಅವನ ಡ್ರಮ್ ಸೆಟ್ಟು ಹೊಸಹಳ್ಳಿಯ ಮೊದಲ ಮಹಡಿ ಮನೆಯ ಹಾಲಿನಲ್ಲಿ, ಕಿಟಕಿ ಪಕ್ಕವೇ ಕೂತಿತ್ತು. ಮೂವತ್ತು ವರ್ಷ ಆರ್ಕೆಸ್ಟ್ರಾಗಳಲ್ಲಿ ಬಾರಿಸಿದ ಸೆಟ್ಟು. ಹೆಂಡತಿ ಗಿರಿಜಾದೇವಿಗೆ ಇದ್ದದ್ದು ಒಂದೇ ಹಟ: ಅದು ಮನೆಯಿಂದ ಹೋಗಬೇಕು, ಹೋದರೆ ಬಾರಿಸುವವರ ಕೈಗೇ ಹೋಗಬೇಕು. ಗೋಡೆಗೆ ನೇತುಹಾಕುತ್ತೇನೆ ಎಂದು ಬಂದ ಪಬ್ಬಿನವನಿಗೆ ಕಾಫಿ ಕೊಟ್ಟು ಕಳಿಸಿದ್ದಳು. ಜ್ಞಾನಭಾರತಿ ಕಡೆಯ ದರ್ಶನ್ ಮಾತ್ರ ನಿಜವಾದ ಡ್ರಮ್ಮರ್. ಮಾರಾಟಕ್ಕೆ ಹಾಕಿದ್ದ ಫೋಟೋ ನೋಡಿ ಫೋನ್ ಮಾಡಿದ್ದ.

"ಆಂಟಿ, ಡ್ರಮ್ಮಿನ ಮೈಗೆ ಸುತ್ತಿರೋ ಆ ಹಳೇ ಕಾಲದ ಮಿಂಚೋ ಹಾಳೇನೇ ನಂಗೆ ಬೇಕಾಗಿರೋದು. ಮಾಸಿದ್ರೂ ಪರ್ವಾಗಿಲ್ಲ, ಎಲ್ಲಾ ಕಡೆ ಒಂದೇ ಬಣ್ಣ ಇರ್ಬೇಕು. ಪಟ್ಟಾಪಟ್ಟಿ ಆಗಿದ್ರೆ ಬೇಡ."

ಮೈದುನ ಕಲ್ಮೇಶನಿಗೆ ಸುಂಕದಕಟ್ಟೆಯಲ್ಲಿ ಕಾರಿಗೆ ಪೇಂಟ್ ಹೊಡೆಯುವ ಗ್ಯಾರೇಜು. ಪಾಲಿಶ್ ಡಬ್ಬಿ ತಂದುಕೊಟ್ಟವನು ಅವನೇ. "ರೌಂಡಾಗಿ ಉಜ್ಜಿ ಅತ್ತಿಗೆ, ದೋಸೆ ಹಿಟ್ಟು ಹರಡಿದ ಹಾಗೆ."

ಗಿರಿಜಾದೇವಿ ಉಜ್ಜಿದಳು. ಏನೂ ಅನ್ನಿಸಲಿಲ್ಲ. ಕುಕ್ಕರ್ ತೊಳೆದಷ್ಟೇ ಅನ್ನಿಸಿತು.

ದೊಡ್ಡ ಡ್ರಮ್ಮಿನ ಮೈಮೇಲೆ ವಿಭೂತಿ ಇತ್ತು. ಪ್ರತಿ ಆಯುಧಪೂಜೆಗೂ ರುದ್ರಮುನಿ ಅದೇ ಜಾಗದಲ್ಲಿ, ಅದೇ ಗೆರೆಗಳ ಮೇಲೆ ಮೂರು ಬೆರಳು ಎಳೆಯುತ್ತಿದ್ದ. ವರ್ಷಪೂರ್ತಿ ಒರೆಸಲು ಬಿಡುತ್ತಿರಲಿಲ್ಲ. ಈಗ ಅವಳು ಒರೆಸಿದಳು. ಕೆಳಗೆ ಮೂರು ಕಡುಗೆಂಪು ಪಟ್ಟೆಗಳು ಹೊಳೆದವು. ಉಳಿದ ಮೈಯೆಲ್ಲ ಕಿಟಕಿಯ ಬಿಸಿಲಿಗೆ ಯಾವತ್ತೋ ಕಿತ್ತಳೆಗೆ ತಿರುಗಿತ್ತು. ವಿಭೂತಿ ಮುಚ್ಚಿದ್ದಷ್ಟೇ ಹೊಸದರಂತೆ ಉಳಿದಿತ್ತು.

ಕಲ್ಮೇಶ ಬಂದು ನೋಡಿ ಲೊಚಗುಟ್ಟಿದ. "ಸ್ಟಿಕರ್ ಕಿತ್ತ ಕಾರಿನ ಕೇಸು ಇದು. ಪಾಲಿಶಿಗೆ ಹೋಗಲ್ಲ. ಆ ಮೂರನ್ನ ಬಿಸಿಲಿಗೆ ಹಾಕಿ ಮಂಕು ಮಾಡ್ಬೇಕು, ಅಷ್ಟೇ." ಆಮೇಲೆ ದನಿ ತಗ್ಗಿಸಿದ. "ಅಣ್ಣನ ಬೆರಳು ಕಣತ್ತಿಗೆ ಅದು."

"ದರ್ಶನ್ ಬೇಡ ಅಂದ್ರೆ ಆ ಪಬ್ಬಿನವನೇ ಬರೋದು. ಕತ್ತರಿ ಕೊಡು ಇಲ್ಲಿ."

ಸೀರೆ ಡಬ್ಬದ ರಟ್ಟಿನಲ್ಲಿ ಮೂರು ಸೀಳು ಕತ್ತರಿಸಿ, ಪಟ್ಟೆಗಳಿಗಷ್ಟೇ ಬಿಸಿಲು ತಾಗುವಂತೆ ಕಟ್ಟಿ, ಡ್ರಮ್ಮನ್ನು ತಾರಸಿಗೆ ಏರಿಸಿದರು. ಮೇಲ್ಮನೆ ಬಾಡಿಗೆಯ ಮುತ್ತವ್ವ ಅಲ್ಲೇ ಮೆಣಸಿನಕಾಯಿ ಹರವುತ್ತಿದ್ದಳು.

"ಯಕ್ಕಾ, ಸಂಡಿಗಿ ಒಣಗಿಸಿದಂಗ ಡ್ರಮ್ಮು ಒಣಗಿಸಾಕತ್ತೀರಲ್ರೀ!"

"ಹೂಂ, ಮುತ್ತವ್ವ."

"ಇರ್ಲಿ ಬಿಡ್ರಿ. ಕಾಗಿ ಬಂದ್ರ ನಾ ಓಡಸ್ತೀನಿ."

ಏಪ್ರಿಲ್ ಬಿಸಿಲು. ಬೆಳಿಗ್ಗೆ ಪೂರ್ವಕ್ಕೆ, ಮಧ್ಯಾಹ್ನದ ಮೇಲೆ ಪಶ್ಚಿಮಕ್ಕೆ ಡ್ರಮ್ಮು ತಿರುಗಿಸುವುದು ಅವಳ ದಿನಚರಿಯಾಯಿತು. ಮೊದಲ ವಾರ ಕಡುಗೆಂಪು ಬರೀ ಕೆಂಪಾಯಿತು. ಆಮೇಲೆ ಇಟ್ಟಿಗೆ ಬಣ್ಣ.

ಹದಿನೆಂಟನೇ ದಿನ ರಟ್ಟು ಬಿಚ್ಚಿದರೆ ಪಟ್ಟೆಗಳು ಕಾಣಲಿಲ್ಲ. ಕೆಳಗಿಳಿದು ಕನ್ನಡಕ ತಂದಳು. ಡ್ರಮ್ಮನ್ನು ವಾಲಿಸಿ ನೋಡಿದಳು. ಜಾಗವೇ ತಪ್ಪಿತೇನೋ ಎಂದು ಸುತ್ತಲೂ ಹುಡುಕಿದಳು, ಅಂಗೈ ಆಡಿಸಿದಳು. ಎಲ್ಲ ಕಡೆಯೂ ಅದೇ ನುಣುಪು, ಅದೇ ಕಿತ್ತಳೆ.

"ಮುತ್ತವ್ವ, ಇಲ್ಲೇನಾದ್ರೂ ಕಾಣುತ್ತಾ?"

"ಏನೂ ಇಲ್ಲಲ್ರಿ ಯಕ್ಕಾ. ಚಲೋ ಆಗೇತಿ."

ಭಾನುವಾರ ದರ್ಶನ್ ಬಂದ. ಹತ್ತು ನಿಮಿಷ ಬಾರಿಸಿದ, ಚೆನ್ನಾಗಿಯೇ ಬಾರಿಸಿದ. ಆಮೇಲೆ ಮೊಬೈಲ್ ಟಾರ್ಚ್ ಹಿಡಿದು ಇಂಚಿಂಚೂ ನೋಡಿದ.

"ಎಲ್ಲೂ ಒಂದು ಗುರುತಿಲ್ವಲ್ಲ ಆಂಟಿ! ಹೆಂಗೆ ಇಟ್ಕೊಂಡಿದಾರೆ ಅಂಕಲ್!"

"ಹೂಂ," ಎಂದಳು ಗಿರಿಜಾದೇವಿ. "ಮೊದ್ಲು ದೊಡ್ಡದನ್ನ ಇಳಿಸ್ಕೊಳಪ್ಪ. ಮೆಟ್ಟಿಲು ತಿರುವಲ್ಲಿ ಗೋಡೆಗೆ ತಾಗುತ್ತೆ, ಹುಷಾರು."