ಕುರ್ಚಿ ಮುರಿಯುವ ಮುನ್ನ ಹನ್ನೊಂದು ಫ್ರೇಮು

1

ಈ ಕಥೆಯನ್ನು ಎಲ್ಲಿಂದ ಶುರುಮಾಡಬೇಕೆಂದು ಒಂದು ವಾರದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ಕುರ್ಚಿ ಮುರಿಯುವಲ್ಲಿಂದ ಶುರುಮಾಡಿದರೆ ನೀವು ಬೆಚ್ಚಿಬಿದ್ದು ಮುಂದಕ್ಕೆ ಓದುತ್ತೀರಿ, ನಿಜ. ಆದರೆ ಕುರ್ಚಿ ಯಾರದು, ಮುರಿದರೆ ಯಾರಿಗೇನು ಎಂಬುದು ನಿಮಗೆ ಗೊತ್ತಿರುವುದಿಲ್ಲ. ಕಾಲೇಜಿನ ಕಟ್ಟಡದಿಂದ ಶುರುಮಾಡಿದರೆ ಆಕಳಿಸುತ್ತೀರಿ. (ನಾನೂ ಆಕಳಿಸಿದೆ. ಆ ಕರಡು ಮೂರು ಪುಟವಿತ್ತು, ಕಾರಿಡಾರಿನ ವರ್ಣನೆಯೇ ಒಂದು ಪುಟ. ಹರಿದು ಹಾಕಿದೆ.)

ಹೋಗಲಿ, ಬೈಗುಳದಿಂದ ಶುರುಮಾಡೋಣ.

1 (ಮತ್ತೊಮ್ಮೆ)

“ಏನಮ್ಮಾ ಇದು? ಕುರ್ಚಿನಾ, ಬಿಸ್ಕತ್ತಾ?”

ಹೀಗೆ ಕೇಳಿದವರು ವಿಷುವಲ್ ಎಫೆಕ್ಟ್ಸ್ ಕಲಿಸುವ ಮೇಡಂ. ಕೇಳಿಸಿಕೊಂಡವಳು ಕೊನೆಯ ವರ್ಷದ ವಿದ್ಯಾರ್ಥಿನಿ, ನಮ್ಮ ಕಥಾನಾಯಕಿ. ಪರದೆ ಎಳೆದು ಕತ್ತಲು ಮಾಡಿದ ತರಗತಿಯಲ್ಲಿ ನಾಲ್ಕು ಸೆಕೆಂಡಿನ ದೃಶ್ಯವೊಂದು ಗೋಡೆಯ ಮೇಲೆ ಓಡುತ್ತಿತ್ತು. ಒದೆ ತಿಂದ ದಢೂತಿ ಖಳನೊಬ್ಬ ಹಿಂದಕ್ಕೆ ತೂರಾಡುತ್ತ ಬಂದು ಮರದ ಕುರ್ಚಿಯೊಂದರ ಮೇಲೆ ದೊಪ್ಪನೆ ಬೀಳುತ್ತಾನೆ, ಕುರ್ಚಿ ಮುರಿಯುತ್ತದೆ. ಖಳ ನಿಜ. ಅವಳ ಸಹಪಾಠಿಯೇ ಹಾಸಿಗೆಗಳ ರಾಶಿಯ ಮೇಲೆ ಬಿದ್ದು ಉಪಕಾರ ಮಾಡಿದ್ದ. ಕುರ್ಚಿ ಸುಳ್ಳು. ಅದನ್ನು ಕಂಪ್ಯೂಟರಿನಲ್ಲಿ ಮಾಡಿ, ಅವನ ಕೆಳಗಿಟ್ಟು, ನೋಡಿದವರು ನಂಬುವಂತೆ ಮುರಿಯುವುದು ಅವಳ ಅಂತಿಮ ಪ್ರಾಜೆಕ್ಟ್.

ಮುರಿಯುವ ವಿಧಾನ ಸುಲಭ. ಗಟ್ಟಿ ಕುರ್ಚಿಯೊಂದನ್ನು ಮಾಡಿ, ಅದನ್ನು ಮೊದಲೇ ಅರವತ್ತು ಚೂರು ಮಾಡಿ, ಚೂರುಗಳನ್ನು ಅಂಟಿಸಿಟ್ಟು, ಖಳ ಬಿದ್ದ ಕ್ಷಣಕ್ಕೆ ಅಂಟು ಬಿಡಿಸುವುದು. ಎಲ್ಲರೂ ಹಾಗೇ ಮಾಡುತ್ತಾರೆ, ಅವಳೂ ಮಾಡಿದಳು. ಮೇಡಂ ಹಿಂದಿರುಗಿಸಿದರು. ಎರಡನೇ ಸಲ ಮುನ್ನೂರು ಚೂರು ಮಾಡಿದಳು. ಆಗ ಕುರ್ಚಿ ಹಿಟ್ಟಾಗಿ ಉದುರಿತು. ತರಗತಿಯವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು, ಅವತ್ತಿನಿಂದ ಅವಳ ಹೆಸರೇ ಬಿಸ್ಕತ್ತು ಎಂದಾಯಿತು.

2

ಮೂರನೇ ಅವಕಾಶವೇ ಕೊನೆಯದು. ಎಂಟು ದಿನವಿದೆ. ಸ್ಟುಡಿಯೋ ಒಂದರಿಂದ ಹೊರಗಿನ ಪರೀಕ್ಷಕರು ಬರುತ್ತಾರೆ, ಅವರು ಬೇಡವೆಂದರೆ ಇಡೀ ವರ್ಷ ಮತ್ತೆ ಓದಬೇಕು. ಬಿಸ್ಕತ್ತಿಗೆ ಊಟ ಸೇರುತ್ತಿಲ್ಲ.

3

(ಇಲ್ಲಿ ಬಿಸ್ಕತ್ತಿಗೂ ಹಾಸಿಗೆಯ ಮೇಲೆ ಬಿದ್ದ ಸಹಪಾಠಿಗೂ ಪ್ರೇಮ ಚಿಗುರಿಸೋಣವೆಂದು ಒಂದು ಪ್ಯಾರಾ ಬರೆದೆ.

“ಸರ್, ಕಂಪ್ಯೂಟರಲ್ಲಿ ನನ್ನ ದೃಶ್ಯದ ರೆಂಡರ್ ಇನ್ನೂ ಓಡ್ತಿದೆ, ಮುಗಿದಿಲ್ಲ. ನಿಮಗೆ ಬೇರೆ ಕೆಲಸ ಇಲ್ವಾ?” ಎಂದು ನನ್ನನ್ನೇ ಕೇಳಿದಳು.

ಪ್ಯಾರಾ ಅಳಿಸಿದೆ.)

4

ಅವಳ ಅಪ್ಪ ಬಡಗಿ. ಮನೆಗೆ ಅಂಟಿಕೊಂಡ ತಗಡಿನ ಶೆಡ್ಡೇ ಅವರ ಕಾರ್ಖಾನೆ. ಅಲ್ಲಿ ಕಾಲಿಟ್ಟರೆ ಪಾದ ಮುಚ್ಚುವಷ್ಟು ಮರದ ಹೊಟ್ಟು. ಗೋಡೆಗೆ ಉಳಿಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ತೂಗಾಡುತ್ತವೆ. ಮೂವತ್ತು ವರ್ಷ ಕುರ್ಚಿ ಮಾಡಿದ ಮನುಷ್ಯನಿಗೆ ಮಗಳು ಕುರ್ಚಿ ಮುರಿಯುವುದನ್ನು ಓದುತ್ತಿದ್ದಾಳೆಂದು ಹೇಳಲು ಅವಳಿಗೆ ಒಂಥರಾ ಸಂಕೋಚವಿತ್ತು. ಬೇರೆ ದಾರಿ ಕಾಣದೆ ಲ್ಯಾಪ್‌ಟಾಪ್ ತಂದು ಕೆಲಸದ ಮಣೆಯ ಮೇಲಿಟ್ಟಳು.

ಅಪ್ಪ ನಗಲಿಲ್ಲ. ನಾಲ್ಕು ಸಲ ನೋಡಿದರು. ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿ ಇನ್ನೊಂದು ಸಲ ನೋಡಿದರು.

“ಇದ್ರಲ್ಲಿ ಜಾಯಿಂಟ್ ಎಲ್ಲಿದೆ?”

“ಜಾಯಿಂಟಾ? ಇಲ್ಲಪ್ಪ. ಪೂರ್ತಿ ಒಂದೇ ಪೀಸು, ಆಮೇಲೆ ಚೂರು ಮಾಡಿರೋದು.”

“ಮತ್ತೆ ಕುರ್ಚಿನೇ ಮಾಡಿಲ್ವಲ್ಲ ನೀನು. ಮಾಡದೆ ಇರೋದನ್ನ ಹೆಂಗೆ ಮುರೀತೀಯಾ?”

ಇಷ್ಟು ಹೇಳಿ ಅವರು ನನ್ನ ಕಡೆ ತಿರುಗಿದರು. (ಪಾತ್ರಗಳು ಲೇಖಕನ ಕಡೆ ತಿರುಗಬಾರದು, ಆದರೆ ಕೈಯಲ್ಲಿ ಕೊಡತಿ ಹಿಡಿದವರಿಗೆ ನಿಯಮ ಹೇಳುವಷ್ಟು ಧೈರ್ಯ ನನಗಿಲ್ಲ.)

“ಸ್ವಾಮಿ, ನೀವೂ ಅದೇ ತಪ್ಪು ಮಾಡ್ತಿದೀರಿ. ಒಂದು, ಮತ್ತೊಂದು ಒಂದು, ಎರಡು, ಮೂರು ಅಂತ ಬರೀ ಚೂರು ಜೋಡಿಸಿಟ್ಟಿದೀರ. ಮೊದ್ಲು ಸೇರಿಸಿ, ಆಮೇಲೆ ಬೇಕಾದ್ರೆ ಮುರೀರಿ.”

“ಯಜಮಾನ್ರೇ, ಇದು ಆಧುನಿಕೋತ್ತರ ಕಥೆ. ಇದು ಇರೋದೇ ಹೀಗೆ.”

“ಏನಾದ್ರೂ ಆಗಿರ್ಲಿ. ಒಬ್ಬರು ಕೂತ್ಕೊಂಡ್ರೆ ತಡೀಬೇಕಾ ಬೇಡ್ವಾ?”

ಭಾಗಗಳಿಗೆ ಹಾಕುತ್ತಿದ್ದ ಅಂಕಿಗಳನ್ನು ಇಲ್ಲಿಗೆ ಕೆಳಗಿಟ್ಟೆ.

ಹಾಗಾಗಿ ಮುಂದಿನ ಮೂರು ದಿನ ಅಪ್ಪ ಮಗಳು ಸೇರಿ ಕುರ್ಚಿ ಮಾಡಿದರು. ಪರದೆಯ ಮೇಲಿನ ಕುರ್ಚಿಯಲ್ಲ, ಕೂರುವ ಕುರ್ಚಿ. ಕಾಲಿನಲ್ಲಿ ಚೌಕದ ತೂತು ಕೊರೆಯುವುದು, ಅಡ್ಡಪಟ್ಟಿಯ ತುದಿಯನ್ನು ನಾಲಿಗೆಯಂತೆ ಕೆತ್ತಿ ಆ ತೂತಿನೊಳಗೆ ಕೂರಿಸುವುದು, ಅಂಟು ಹಚ್ಚಿ ಕೊಡತಿಯಿಂದ ಬಡಿಯುವುದು. ಎಡಗಡೆಯ ಹಿಂದಿನ ಕಾಲನ್ನು ಪೂರ್ತಿಯಾಗಿ ಬಿಸ್ಕತ್ತೇ ಮಾಡಿದಳು. ಎರಡು ತೂತು ಕೆಟ್ಟವು, ಒಂದು ಹೆಬ್ಬೆರಳು ಊದಿತು. ಮೂರನೇ ತೂತಿನಲ್ಲಿ ನಾಲಿಗೆ ಸದ್ದಿಲ್ಲದೆ ಒಳಗೆ ಜಾರಿದಾಗ ಅವಳು ಕುಣಿದೇಬಿಟ್ಟಳು. ಅಪ್ಪ ಮೀಸೆಯಲ್ಲೇ ನಕ್ಕು “ಸಾಕು, ಅಂಟು ಒಣಗ್ಲಿ” ಎಂದರು.

ಆಮೇಲೆ ಅದೇ ಕುರ್ಚಿಯನ್ನು ಕಂಪ್ಯೂಟರಿನೊಳಗೆ ಕಟ್ಟಿದಳು. ಒಂದೊಂದು ಪಟ್ಟಿ, ಒಂದೊಂದು ತೂತು, ಮರದ ನಾರು ಯಾವ ಕಡೆಗೆ ಓಡುತ್ತದೋ ಅದೇ ಕಡೆಗೆ, ಬೆನ್ನಿನ ಮೇಲಿದ್ದ ಕಪ್ಪು ಗಂಟೂ ಸೇರಿ. ಕೊನೆಗೆ ಪ್ರತಿ ಜಾಯಿಂಟಿಗೂ ಎಷ್ಟು ಬಲವೆಂದು ನೂರರೊಳಗೆ ಒಂದು ಅಂಕಿ ಕೊಡಬೇಕಿತ್ತು. ಅಪ್ಪನನ್ನು ಕೇಳಿದಳು.

“ನೂರು.”

“ಇದಕ್ಕೆ?”

“ನೂರು.”

“ಇದು ನಾನು ಮಾಡಿದ್ದು, ಹಿಂದಿನ ಕಾಲು.”

“ಅದಕ್ಕೂ ನೂರು. ಮೇಲೆ ಹತ್ತು ಹಾಕೋಕೆ ಬರುತ್ತಾ ನೋಡು.”

ಗುಂಡಿ ಒತ್ತಿದಳು. ಖಳ ತೂರಾಡುತ್ತ ಬಂದ, ಬಿದ್ದ. ಕುರ್ಚಿ ಮುರಿಯಲಿಲ್ಲ. ಕಂಪ್ಯೂಟರಿನ ಲೆಕ್ಕದಲ್ಲಿ ಅವನ ತೂಕವನ್ನು ಎರಡರಷ್ಟು ಮಾಡಿದಳು, ಆಗಲೂ ಇಲ್ಲ. ಮೂರರಷ್ಟು ಮಾಡಿದಳು. ಕುರ್ಚಿ ಒಂದು ಸಲ ಕುಪ್ಪಳಿಸಿ, ನಾಲ್ಕು ಕಾಲ ಮೇಲೆ ನೆಟ್ಟಗೆ ನಿಂತಿತು. ಅಪ್ಪ ಶೆಡ್ಡು ಅದುರುವಂತೆ ನಕ್ಕರು. ತೊಡೆ ತಟ್ಟಿಕೊಂಡರು. “ನೋಡ್ದಾ? ನೋಡ್ದಾ? ಆನೆ ಕೂರ್ಸು ಬೇಕಾದ್ರೆ!”

(ಕಥೆಯನ್ನು ಇಲ್ಲಿಗೇ ಮುಗಿಸಿಬಿಡುವ ಆಸೆ ನನಗಾಯಿತು. ಗೆಲುವು ಇದೆ, ನಗು ಇದೆ. ಆದರೆ ಬಿಸ್ಕತ್ತಿನ ಮುಖ ನೋಡಿ ಸುಮ್ಮನಾದೆ.)

ಅವಳ ಕಣ್ಣು ತುಂಬಿತ್ತು. “ನಿನ್ನ ಕುರ್ಚಿ ಗೆಲ್ತು ಬಿಡಪ್ಪ. ನಾನು ಫೇಲು. ನಾಡಿದ್ದು ಪರೀಕ್ಷೆ.”

ಅಪ್ಪನ ನಗು ಅಲ್ಲಿಗೇ ನಿಂತಿತು. ಸ್ವಲ್ಪ ಹೊತ್ತು ಉಳಿಯ ಮೊನೆಯನ್ನು ಹೆಬ್ಬೆರಳಿನಿಂದ ಸವರುತ್ತ ಕೂತರು. ಆಮೇಲೆ ಎದ್ದು, ಮನೆಯೊಳಕ್ಕೆ ಹೋಗುವ ಬಾಗಿಲನ್ನು ಮುಂದಕ್ಕೆ ಮಾಡಿ ಬಂದು, ದನಿ ತಗ್ಗಿಸಿದರು.

“ಹಿಂದಿನ ಕಾಲು. ಅಕ್ಕಪಕ್ಕದ ಎರಡು ಪಟ್ಟಿನೂ ಅದೇ ಕಾಲಿಗೆ, ಒಂದೇ ಎತ್ತರಕ್ಕೆ ಬಂದು ಸೇರ್ತವೆ. ಎರಡು ತೂತು ಒಳಗೊಳಗೇ ಕೂಡ್ಕೊಂಡು, ಅಲ್ಲಿ ಉಳಿಯೋದು ಬೆರಳಷ್ಟು ಮರ. ಯಾವನೇ ಮಾಡ್ಲಿ, ಎಂಥ ಕುರ್ಚಿನೇ ಆಗ್ಲಿ, ಹೋದ್ರೆ ಅಲ್ಲೇ ಹೋಗೋದು. ನೂರು ಸುಳ್ಳು. ಮೂವತ್ತೈದು ಹಾಕು.”

“ನಿಂಗೆ ಹೆಂಗೆ ಗೊತ್ತು?”

“ನಿಮ್ಮ ತಾತ ಬಿದ್ದಿದ್ರು.”

ಅಮ್ಮನ ಅಪ್ಪ, ಮದುವೆಗೆ ಮುಂಚೆ, ಹುಡುಗನ ಕೆಲಸ ಹೇಗಿದೆ ನೋಡೋಣವೆಂದು ಇದೇ ಶೆಡ್ಡಿಗೆ ಬಂದಿದ್ದರಂತೆ. ಅಪ್ಪ ತಾನು ಮಾಡಿದ ಕುರ್ಚಿಯನ್ನೇ ಒರೆಸಿ ಮುಂದಿಟ್ಟರಂತೆ. “ಮೊದ್ಲು ಕಿರ್ ಅಂತು. ಆಮೇಲೆ ಏನೂ ಇಲ್ಲ. ‘ಏನಪ್ಪಾ ಅದು ಸದ್ದು?’ ಅಂತ ಕೇಳೋಕೆ ಬಾಯಿ ಬೇರೆ ತೆಗೆದ್ರು. ಆಮೇಲೆ ಹೋಯ್ತು. ಮರ ಒಂದೇ ಸಲ ಮುರಿಯಲ್ಲ ಮಗಳೇ. ಮುಂಚೆನೇ ಹೇಳುತ್ತೆ. ಹೇಳಿ ಚೂರು ಹೊತ್ತು ಕಾಯುತ್ತೆ.”

ಮುಂದಕ್ಕೆ ಮಾಡಿದ್ದ ಬಾಗಿಲು ತೆರೆಯಿತು. “ಕೊನೆಗೂ ಹೇಳಿಬಿಟ್ರಾ?” ಎಂದು ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. “ನಮ್ಮಪ್ಪ ನೆಲದ ಮೇಲೆ ಕೂತ್ಕೊಂಡೇ ಮದುವೆಗೆ ಒಪ್ಪಿದ್ರು ಕಣೇ. ಇಷ್ಟು ನಾಚಿಕೊಳ್ಳೋನು ಮೋಸ ಮಾಡಲ್ಲ ಅಂದ್ರು.”

ಬಿಸ್ಕತ್ತು ಆಗಲೇ ಲ್ಯಾಪ್‌ಟಾಪಿನ ಮುಂದಿದ್ದಳು. ಎಡಗಡೆಯ ಹಿಂದಿನ ಕಾಲಿಗೆ ಮೂವತ್ತೈದು. ಕಿರ್ ಎಂಬ ಸದ್ದು. ಆಮೇಲೆ ತಾತ ಬಾಯಿ ತೆರೆಯುವಷ್ಟು ಹೊತ್ತು ಏನೂ ಆಗಬಾರದು. ಐದು ಫ್ರೇಮು (ಸೆಕೆಂಡಿಗೆ ಓಡುವ ಇಪ್ಪತ್ತನಾಲ್ಕು ಚಿತ್ರಗಳಲ್ಲಿ ಒಂದೊಂದೂ ಒಂದು ಫ್ರೇಮು) ಇಟ್ಟು ನೋಡಿದಳು, ಅವಸರವಾಯಿತು. ಇಪ್ಪತ್ತಿಟ್ಟರೆ ತಮಾಷೆಯಾಯಿತು. ಹನ್ನೊಂದಿಟ್ಟಾಗ ಪಕ್ಕದಲ್ಲಿದ್ದ ಅಪ್ಪ “ಅಯ್ಯೋ, ಮಾವ!” ಎಂದು ಎರಡೂ ಕೈ ಮುಂದಕ್ಕೆ ಚಾಚಿದರು. ಹನ್ನೊಂದೇ ಸರಿ ಎಂದು ಅವಳಿಗೆ ಗೊತ್ತಾಯಿತು.

ಪರೀಕ್ಷೆಯ ಬೆಳಿಗ್ಗೆ. ಹೊರಗಿನ ಪರೀಕ್ಷಕರು ಇಪ್ಪತ್ತೈದು ವರ್ಷ ಪರದೆಯ ಮೇಲೆ ಸೇತುವೆ, ಹಡಗು, ಅರಮನೆಗಳನ್ನು ಮುರಿದು ಗುಡ್ಡೆ ಹಾಕಿದವರು. ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು, ಯಾವುದಕ್ಕೂ ಹುಬ್ಬು ಏರಿಸಿರಲಿಲ್ಲ. ಇವಳ ಸರದಿ ಬಂತು. ಹಿಂದಿನಿಂದ ಯಾರೋ “ಬಿಸ್ಕತ್ತು, ಬಿಸ್ಕತ್ತು” ಎಂದು ಪಿಸುಗುಟ್ಟಿದರು.

ಖಳ ಬಂದ, ಬಿದ್ದ. ಕಿರ್.

ಹನ್ನೊಂದು ಫ್ರೇಮು. ಗಡಿಯಾರದ ಲೆಕ್ಕದಲ್ಲಿ ಅರ್ಧ ಸೆಕೆಂಡೂ ಇಲ್ಲ. ಅಷ್ಟರಲ್ಲಿ ಇಡೀ ಕೋಣೆ ಉಸಿರು ಬಿಗಿಹಿಡಿಯಿತು. ಆಮೇಲೆ ಹಿಂದಿನ ಕಾಲು ನಾರಿನುದ್ದಕ್ಕೂ ಸೀಳಿತು, ಬೆನ್ನು ಒಂದು ಕಡೆ ವಾಲಿತು, ಕೂರುವ ಹಲಗೆ ಜಾರಿತು, ಖಳ ನೆಲಕ್ಕೆ ಬಿದ್ದ. ಮುಂದಿನ ಒಂದು ಕಾಲು ಏನೂ ತಿಳಿಯದವರಂತೆ ಒಂಟಿಯಾಗಿ ನಿಂತಿದ್ದು, ಕೊನೆಗೆ ಅದೂ ಉರುಳಿತು.

ಪರೀಕ್ಷಕರ ಬಲಗೈ ಅವರಿಗೇ ಗೊತ್ತಿಲ್ಲದಂತೆ ತಮ್ಮ ಕುರ್ಚಿಯ ಹಿಂದಿನ ಕಾಲನ್ನು ಗಟ್ಟಿಯಾಗಿ ಹಿಡಿದಿತ್ತು.

“ಇನ್ನೊಂದ್ಸಲ ಹಾಕಿ” ಎಂದರು. ಮೂರು ಸಲ ಹಾಕಿಸಿದರು. ಆಮೇಲೆ ಹುಬ್ಬು ಗಂಟಿಕ್ಕಿ, “ಎಷ್ಟು ಕುರ್ಚಿ ಮುರಿದ್ರಿ ಇದಕ್ಕೆ?”

“ಒಂದೂ ಇಲ್ಲ ಸರ್.”

“ನಿಜ ಹೇಳಮ್ಮ. ಇದು ನಿಜವಾದ ಕುರ್ಚಿ. ಮುರಿದು ಶೂಟ್ ಮಾಡಿದೀರ. ಹಾಗಾದ್ರೆ ನಾನು ಪಾಸ್ ಮಾಡೋಕಾಗಲ್ಲ.”

ಮೇಡಂ ಏನೋ ಹೇಳಲು ಎದ್ದರು. ಬಿಸ್ಕತ್ತು ಅವರಿಗಿಂತ ಮೊದಲು ಹೇಳಿದಳು:

“ಆ ಕುರ್ಚಿ ಹೊರಗಡೆ ಕಾರಿಡಾರಲ್ಲಿದೆ ಸರ್. ನಮ್ಮಪ್ಪ ಅದರ ಮೇಲೆ ಕೂತಿದಾರೆ.”

(ನೋಡಿ, ಕಾರಿಡಾರು ಕೊನೆಗೂ ಕೆಲಸಕ್ಕೆ ಬಂತು.)

ಅಪ್ಪ ಕುರ್ಚಿಯನ್ನು ಹೆಗಲ ಮೇಲೆ ಹೊತ್ತು ಒಳಗೆ ಬಂದರು. ಪರೀಕ್ಷಕರು ಮಂಡಿಯೂರಿ ನೋಡಿದರು. ಬೆನ್ನಿನ ಮೇಲೆ ಅದೇ ಕಪ್ಪು ಗಂಟು, ಅದೇ ನಾರು, ನಾಲ್ಕಕ್ಕೆ ನಾಲ್ಕು ಕಾಲು. ಅವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೊದಲು ಅವರೊಬ್ಬರೇ, ಆಮೇಲೆ ಮೇಡಂ, ಆಮೇಲೆ ಬೆಂಚು ಗುದ್ದುತ್ತ, ಸಿಳ್ಳೆ ಹೊಡೆಯುತ್ತ ಇಡೀ ತರಗತಿ. “ಬಿಸ್ಕತ್ತು! ಬಿಸ್ಕತ್ತು!” ಈ ಸಲ ಆ ಹೆಸರು ಅವಳ ಕಿವಿಗೆ ಇಂಪಾಗಿ ಕೇಳಿಸಿತು. ಗೆದ್ದೆ, ಗೆದ್ದೆ ಎಂದು ಅವಳೆದೆ ಬಡಿದುಕೊಳ್ಳುತ್ತಿತ್ತು. ನನಗೂ ಖುಷಿ ತಡೆಯಲಾಗದೆ, ಬರೆಯುವುದು ಬಿಟ್ಟು ಒಂದು ಸಿಳ್ಳೆ ಹೊಡೆದೆ. ಪಕ್ಕದ ಮನೆಯವರು ಇಣುಕಿ ನೋಡಿದರು.

ಪಾಸಾಯಿತು. ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಪರೀಕ್ಷಕರು ಕುರ್ಚಿಯನ್ನೇ ನೋಡುತ್ತ, “ಇದರ ಮೇಲೆ ಒಂದ್ಸಲ ಕೂರಬಹುದಾ?” ಎಂದು ಕೇಳಿಬಿಟ್ಟರು. ಅವರು ಸಣ್ಣಗಿಲ್ಲ.

“ಧಾರಾಳವಾಗಿ ಕೂತ್ಕೊಳ್ಳಿ ಸರ್” ಎಂದರು ಅಪ್ಪ, ಎದೆಯುಬ್ಬಿಸಿ. “ಎಡಗಡೆ ಹಿಂದಿನ ಕಾಲು ನನ್ನ ಮಗಳು ಮಾಡಿದ್ದು.”

ಮುಕ್ತಾಯ ಅ: ಅವರು ಕೂರುತ್ತಾರೆ, ಏನೂ ಆಗುವುದಿಲ್ಲ, ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ.

ಮುಕ್ತಾಯ ಆ: ಅವರು ಕೂರುತ್ತಾರೆ, ನೆಲದ ಮೇಲಿಂದಲೇ ಬಿಸ್ಕತ್ತಿಗೆ ತಮ್ಮ ಸ್ಟುಡಿಯೋದಲ್ಲಿ ಕೆಲಸ ಕೊಡುತ್ತಾರೆ.

“ಅ ಬರೀರಿ!” ಎನ್ನುತ್ತಿದ್ದಾರೆ ಅಪ್ಪ, ನನ್ನನ್ನು ದುರುಗುಟ್ಟಿ ನೋಡುತ್ತ. “ಏನ್ ಸ್ವಾಮಿ, ನನ್ನ ಮಗಳ ಕೆಲಸದ ಮೇಲೆ ನಂಬಿಕೆ ಇಲ್ವಾ? ಕೂರ್ಸಿ ಅವರನ್ನ!”

ನಾನು ಕೂರಿಸುವುದಿಲ್ಲ. ಪರೀಕ್ಷಕರು ಕುರ್ಚಿಗೆ ಬೆನ್ನು ಮಾಡಿ ಮೊಣಕಾಲು ಮಡಿಸಿದ್ದಾರೆ, ತರಗತಿ ಮತ್ತೆ ಉಸಿರು ಹಿಡಿದಿದೆ. ಬಿಸ್ಕತ್ತು ಒಬ್ಬಳೇ ನಗುತ್ತ, ಊದಿದ ಹೆಬ್ಬೆರಳನ್ನು ಮುಷ್ಟಿಯೊಳಗೆ ಅಡಗಿಸಿಕೊಂಡು, ತುಟಿಯಲ್ಲೇ ಫ್ರೇಮು ಎಣಿಸುತ್ತಿದ್ದಾಳೆ.

ಈಗ ಏಳಕ್ಕೆ ಬಂದಿದ್ದಾಳೆ.