ಹನುಮಂತಮ್ಮನ ಚಾಕಿ ಪಾಠ

ನೂರು ಮೊಟ್ಟೆ ಲೆಕ್ಕದ ಹುಳಕ್ಕಷ್ಟೇ ಹಿಪ್ಪುನೇರಳೆ ಸೊಪ್ಪಿರುವ ತೋಟ ಇಟ್ಟುಕೊಂಡು ದೇವರಾಜು ಮುನ್ನೂರು ಮೊಟ್ಟೆಯ ಚಾಕಿ, ಎಂದರೆ ಎಳೆ ರೇಷ್ಮೆಹುಳ, ತಂದುಬಿಟ್ಟಿದ್ದ. ಅದೂ ಹಾಡು ಹೇಳಿಕೊಂಡು. ಒಂದು ಮೊಟ್ಟೆ ಲೆಕ್ಕಕ್ಕೇ ನಾನೂರು ಹುಳ. ಹುಳದ ಮನೆ ತುಂಬಿ, ಪಡಸಾಲೆ ತುಂಬಿ, ಕೊನೆಗೆ ಅವನ ತಾಯಿ ಹನುಮಂತಮ್ಮನ ಮಂಚಕ್ಕೂ ಹುಳದ ತಟ್ಟೆ ಬಂತು. ಹೋದ ವರ್ಷ ಮೂರು ತಿಂಗಳು ಕಂಬಳಿ ಬಿಟ್ಟು ಏಳದಿದ್ದ ಮಗ ಈಗ ನಾಲ್ಕು ದಿನದಿಂದ ಕಣ್ಣೇ ಮುಚ್ಚಿರಲಿಲ್ಲ. ಸೊಸೆ ಮಮತಾ ಕೈಲಾಂಚದ ಅರ್ಧ ಊರಿನವರ ಹತ್ತಿರ ಸೊಪ್ಪು ಬೇಡಿ ಹುಳಕ್ಕೆ ಹಾಕಿ, ಗಂಡನನ್ನೂ ಅತ್ತೆಯನ್ನೂ ಕರೆದುಕೊಂಡು ರಾಮನಗರದ ಬಸ್ಸು ಹತ್ತಿದಳು.

ಅಲ್ಲಿನ ಆಸ್ಪತ್ರೆಯ ಮನೋವೈದ್ಯೆ ಡಾಕ್ಟರ್ ಫಿರೋಜಾ ಎಲ್ಲ ಕೇಳಿ, ಇದಕ್ಕೆ ಬೈಪೋಲಾರ್ ಕಾಯಿಲೆ ಅನ್ನುತ್ತಾರೆ ಎಂದರು. ಆಮೇಲೆ ಕೇಳಬಾರದ್ದನ್ನೇ ಕೇಳಿದರು. "ಇವರು ಚಿಕ್ಕಂದಿನಲ್ಲಿ ಹೇಗೆ ಬೆಳೆದ್ರಮ್ಮ?"

"ಬಂಗಾರದಂಗೆ!" ಎಂದಳು ಹನುಮಂತಮ್ಮ, ಪ್ರಶ್ನೆ ಮುಗಿಯುವ ಮುಂಚೆಯೇ. ಎಲ್ಲಕ್ಕೂ ತಾಯಿಯೇ ಕಾರಣ ಎಂದುಬಿಟ್ಟರೆ? "ನಲವತ್ತು ವರ್ಸದ ಗಂಡಸ್ಗೆ ಎಳೇತನದ ಮಾತ್ಯಾಕವ್ವ? ಮಾತ್ರೆ ಬರ್ಕೊಡಿ, ಹೊಂಟೋಯ್ತೀವಿ."

"ಡಾಕ್ಟ್ರಮ್ಮ, ನಮ್ಮತ್ತೇನ ಒಸಿ ಹುಳದ ಇಚಾರ ಕೇಳಿ," ಎಂದಳು ಮಮತಾ. "ಗೂಡು ನೋಡೇ ಚಾಕಿ ಹೆಂಗೆ ಸಾಕವ್ರೆ ಅಂತ ಹೇಳ್ತಾರೆ."

ಈ ಸುದ್ದಿ ಬಂದರೆ ಹನುಮಂತಮ್ಮನಿಗೆ ಮೈಮೇಲೆ ಜ್ಞಾನವಿರುವುದಿಲ್ಲ. "ಮತ್ತೆ! ಎಳೇ ಹುಳ ಅಂದ್ರೆ ಸುಮ್ಕೇನಾ? ಹಸ್ವಲ್ಲಿ ಇಡ್ಬಾರ್ದು, ಪೊರೆ ಬಿಡಕೆ ಜ್ವರಕ್ಕೆ ಕೂತಾಗ ಮುಟ್ಬಾರ್ದು. ಚಾಕೀಲಿ ನೊಂದ ಹುಳ ಆಮ್ಯಾಕೆ ಎಷ್ಟು ಸೊಪ್ಪಾಕುದ್ರೂವೆ..."

ಬಾಯಿ ಅಲ್ಲಿಗೇ ನಿಂತಿತು. ಸೊಸೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು, ಕಳ್ಳಿ.

"ಇವ್ನಪ್ಪ ಕುಡ್ಕಂಡ್ ಬಂದ್ರೆ ಇವ್ನ ಹೊಡ್ದು ಹುಳದ್ ಮನೇಲಿ ಕೂಡಾಕ್ತಿದ್ದ," ಎಂದಳು ಹನುಮಂತಮ್ಮ. "ಏಳು ವರ್ಸದ ಕೂಸು. ನಾನು ಚಿಲ್ಕ ತೆಗೀಲಿಲ್ಲ ಕಣವ್ವ, ಎದರ್ಕಂಡೆ. ನನ್ನಿಂದ್ಲೇ ಆಯ್ತಾ?"

"ಅದೊಂದರಿಂದಲೇ ಬರಲ್ಲಮ್ಮ. ಎಷ್ಟೋ ಕಾರಣ ಇರುತ್ತವೆ, ಆ ನೋವೂ ಒಂದಿರಬಹುದು. ಹೇಳಿದ್ದು ಒಳ್ಳೇದಾಯ್ತು. ಮಾತ್ರೆ ಮಾತ್ರ ಒಂದು ದಿನವೂ ತಪ್ಪಬಾರದು."

ಅಷ್ಟು ಹೊತ್ತೂ ಪಕ್ಕದಲ್ಲಿ ತನ್ನಷ್ಟಕ್ಕೆ ವಟಗುಟ್ಟುತ್ತಿದ್ದ ದೇವರಾಜು ತಾಯಿಯ ಕಡೆ ತಿರುಗಿದ. "ನೀನು ಬಾಗ್ಲಾಚೇನೇ ಕೂತಿರ್ತಿದ್ದೆ ಕಣವ್ವ," ಎಂದ. "ಬಳೆ ಸದ್ದು ಕೇಳ್ತಿತ್ತು."

ಹನುಮಂತಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಜೋರಾಗಿ ಅತ್ತಳು. ಹೊರಗೆ ಕೂತಿದ್ದವರೆಲ್ಲ ಇಣುಕಿದರು. ಆಮೇಲೆ ಮೂಗು ಒರೆಸಿಕೊಂಡು ಸೊಸೆಯ ಮುಂದೆ ಕೈ ಚಾಚಿದಳು.

"ಮಾತ್ರೆ ಚೀಟಿ ನನ್ ಕೈಗ್ ಕೊಡು. ಹೊತ್ತೊತ್ಗೆ ತಪ್ಪದಂಗೆ ಹಾಕೋದು ನಂಗೆ ಗೊತ್ತು."