ಬೇಸಿಗೆಯ ಕ್ಷಮಾವಾಣಿ

ಕಾಕಾಸಾಹೇಬರು ಗೂಟದಿಂದ ಎಮ್ಮೆಯ ಹಗ್ಗ ಬಿಚ್ಚಿ ತಮ್ಮನ ಕೈಗೆ ತುರುಕಿದರು. ಅಂಗಳದಲ್ಲಿ ಅವರ ಹೆಂಡತಿಯ ಚಟ್ಟಕ್ಕೆ ಇನ್ನೂ ಬಿದಿರು ಕಟ್ಟುತ್ತಿದ್ದರು.

“ಹೊಡಕೊಂಡು ಹೋಗು ಬಾಳ್ಯಾ. ಇನ್ನ ಇದು ನಿಂದ.”

“ಅಣ್ಣಾ, ಇವತ್ತ ಯಾಕಿದು? ನಾಳಿ ನೋಡೂಣಂತ,” ಅಂದ ಬಾಳಾಸಾಬ.

“ನಾಳಿ ಯಾಕ? ತೊಗೊ.”

ಬೆಳಗಿನ ಜಾವ ಹೃದಯ ನಿಂತು ಕಮಲಾಬಾಯಿ ಹೋಗಿದ್ದರು. ಗಂಡ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಬಂದವರೆದುರೆಲ್ಲ ಕೈಮುಗಿದು, “ನನ್ನಿಂದ ತಪ್ಪಾಗಿದ್ರ ಕ್ಷಮಾ ಮಾಡ್ರಿ” ಅನ್ನುತ್ತಿದ್ದರು. ಜೈನರ ಮನೆಯಲ್ಲಿ ಇದೇನು ಹೊಸ ಮಾತೇ? ಪರ್ಯೂಷಣದ ವ್ರತ ಮುಗಿದ ಮೇಲೆ ಕ್ಷಮಾವಾಣಿಯ ದಿನ ಶೇಡಬಾಳ ಊರ ತುಂಬ ಇದೇ ಮಾತು. ಆದರೆ ಅದು ಭಾದ್ರಪದದಲ್ಲಿ. ಈಗ ಸುಡುಬೇಸಿಗೆ.

“ವೈರಾಗ್ಯ ಬಂದೈತಿ ನೋಡ್ರಿ, ಪುಣ್ಯವಂತ ಮನಷ್ಯಾ,” ಎಂದಳು ಒಬ್ಬ ಮುದುಕಿ. ನೆರೆದವರೆಲ್ಲ ಹೌದು ಹೌದೆಂದರು.

ಗೋಡೆಗೊರಗಿ ನಿಂತಿದ್ದ ಮೇಘಾ ಮಾತ್ರ ಹೌದೆನ್ನಲಿಲ್ಲ. ಕಮಲಾಬಾಯಿಯ ಹತ್ತಿರ ಕೌನ್ಸೆಲರ್ ಕೆಲಸ ಕಲಿತವಳು ಅವಳು. ಕಾಕಾಸಾಹೇಬರು ಅವಳ ಮುಂದೆಯೂ ಬಂದು ಕೈಮುಗಿದರು. ಮುಖ ತಿಳಿಯಾಗಿತ್ತು. ಆ ತಿಳಿಯನ್ನು ಕಂಡೇ ಅವಳಿಗೆ ಹೆದರಿಕೆಯಾಯಿತು.

*

ಕಮಲಾಬಾಯಿ ನಿವೃತ್ತ ನರ್ಸು. ಚಿಕ್ಕೋಡಿಯಲ್ಲಿ ಹೊಸ ಕೌನ್ಸೆಲರ್‌ಗಳಿಗೆ ಪಾಠ ಹೇಳುತ್ತಿದ್ದರು. ಪಾಠವೆಂದರೇನು, ಬದುಕಿನಿಂದ ಬೇಸತ್ತವರ ವೇಷ ಹಾಕಿ ತಾವೇ ಕುರ್ಚಿಯಲ್ಲಿ ಕೂತುಬಿಡುವುದು! ಒಮ್ಮೆ ಅತ್ತೆಯ ಕಾಟದ ಸೊಸೆ, ಒಮ್ಮೆ ಫೇಲಾದ ಹುಡುಗ. ನಡುವೆ ನಗು ಬಂದರೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, “ತಡೀರಿ, ಮತ್ತ ಅಳತೀನಿ” ಅನ್ನುತ್ತಿದ್ದರು.

ಮೇಘಾಳ ಸರದಿ ಬಂದಾಗ ಅವಳು ತೊದಲಿದಳು. “ಅಂಥಾದ್ದೇನೂ ಮನಸಿನ್ಯಾಗ ಇಲ್ಲಲ್ರಿ?”

“ತಪ್ಪಿದಿ ನೋಡು! ‘ಇಲ್ಲ’ ಅನ್ನೂದನ್ನ ನೀನ ನನ್ನ ಬಾಯಾಗ ಇಟ್ಟಿ. ಸಾಯಬೇಕು ಅನಸ್ತೈತೇನ್ರಿ ಅಂತ ನೆಟ್ಟಗ ಕೇಳು.”

“ಕೇಳಿದ್ರ ಇಲ್ಲದ್ದನ್ನ ತಲ್ಯಾಗ ಹಾಕಿದಂಗ ಆಗೂದಿಲ್ಲೇನ್ರಿ ಬಾಯಾರ?”

“ಆಗೂದಿಲ್ಲ. ಕೇಳಿದ್ರ ಅವರಿಗೆ ಭಾರ ಇಳೀತೈತಿ. ಇದ್ದದ್ದನ್ನೆಲ್ಲ ಹಂಚಾಕತ್ತಾರ, ಕಡೀ ಮಾತು ಹೇಳಾಕತ್ತಾರ, ಒಮ್ಮಿಗೇ ತಣ್ಣಗಾಗ್ಯಾರ ಅಂದ್ರ ಜಲ್ದಿ ಕೇಳು. ಕೇಳಿ ಎದ್ದು ಹೋಗಬ್ಯಾಡ ಮತ್ತ.”

*

ಹೆಣ ಸುಟ್ಟು ಬಂದ ಗಂಡಸರು ಸ್ನಾನ ಮುಗಿಸುವಷ್ಟರಲ್ಲಿ ಬಿಸಿಲು ಇಳಿದಿತ್ತು. ಕಾಕಾಸಾಹೇಬರು ಒಬ್ಬೊಬ್ಬರನ್ನೇ ಸಾಗಹಾಕಿದರು.

“ನೀನೂ ಮನಿಗಿ ನಡಿ ಬಾಳ್ಯಾ. ಇವತ್ತ ನಾ ಒಬ್ಬನ ಇರ್ತೀನಿ.”

“ಆತಣ್ಣಾ,” ಎಂದು ಬಾಳಾಸಾಬ ಚಪ್ಪಲಿ ಮೆಟ್ಟಿದ.

ಮೇಘಾ ಮುಂದೆ ಬಂದಳು. “ಕಾಕಾ, ಮನಸಿನ್ಯಾಗ ಏನೂ ಕೆಟ್ಟ ವಿಚಾರ ಇಲ್ಲಲ್ರಿ?”

“ಛೇ ಛೇ, ಏನೂ ಇಲ್ಲವ್ವಾ. ಚಿಕ್ಕೋಡಿ ಬಸ್ ತಪ್ಪೀತು, ನಡಿ.”

ಹಾಳಾಗ, ಮತ್ತೆ ಅದೇ ತಪ್ಪು! ಇಷ್ಟು ಕಲಿತು ಏನು ಬಂತು ಎಂದು ತನ್ನನ್ನೇ ಬೈದುಕೊಂಡಳು. ಬಸ್ ಹೋದರೆ ಹೋಗಲಿ ಎಂದು ಅವರೆದುರು ನೆಲದ ಮೇಲೆ ಕೂತಳು.

“ಕಾಕಾ, ಸಾಯಬೇಕು ಅನಸಾಕತ್ತೈತೇನ್ರಿ?”

ಬಾಳಾಸಾಬ ಕೆಂಡವಾದ. “ಏ ಹುಡುಗೀ! ಹೆಣ ಎದ್ದ ಮನ್ಯಾಗ ಇದೇನ್ ಅಪಶಕುನದ ಮಾತು? ಎದ್ದು ಹೊರಗ ನಡಿ!”

ಮೇಘಾ ಏಳಲಿಲ್ಲ, ಕಾಕಾಸಾಹೇಬರ ಮೇಲಿಂದ ಕಣ್ಣೂ ತೆಗೆಯಲಿಲ್ಲ. ಅವರು ಕೈ ಎತ್ತಿ ತಮ್ಮನನ್ನು ಸುಮ್ಮನಿರಿಸಿದರು.

“ಹೌದವ್ವಾ.”

“ಇವತ್ತನ?”

“ಇವತ್ತನ.” ಅವರ ಗದ್ದ ಅದುರತೊಡಗಿತು. “ಆಕಿ ಇಲ್ಲದ ಈ ಮನ್ಯಾಗ ನಾ ಹ್ಯಾಂಗ ಇರ್ಲೆವ್ವಾ?” ಎಂದವರೇ ಗೋಳೋ ಎಂದು ಅತ್ತರು.

ಮೇಘಾ ಒಂದು ಕೈಯಿಂದ ಅವರ ಕೈ ಹಿಡಿದುಕೊಂಡು, ಇನ್ನೊಂದರಿಂದ ದವಾಖಾನೆಯ ಡಾಕ್ಟರಿಗೆ ಫೋನ್ ಹಚ್ಚಿದಳು. “ಹೇಳ್ರಿ ಕಾಕಾ, ನಾ ಎಲ್ಲೂ ಹೋಗೂದಿಲ್ಲ,” ಅಂದಳು.

ಬಾಳಾಸಾಬ ಮೆಟ್ಟಿದ ಚಪ್ಪಲಿ ಬಿಟ್ಟ. ಒಳಗೆ ಹೋಗಿ ಕಂಬಳಿ ತಂದ. ಹೊಸ್ತಿಲಿಗೆ ಅಡ್ಡಲಾಗಿ ಹಾಸಿ, ಟೊಪ್ಪಿಗೆ ತೆಗೆದಿಟ್ಟು, ಬಾಗಿಲ ಚೌಕಟ್ಟಿನ ಎರಡೂ ಬದಿಗೆ ಕೈ ಊರಿ, ಅಣ್ಣನ ಕಡೆ ಮುಖ ಮಾಡಿ ಕೂತುಬಿಟ್ಟ. ಹೊರಗಿನಿಂದ ಯಾರೋ ಅವನ ಹೆಸರು ಹಿಡಿದು ಕೂಗಿದರು. ಅವನು ತಿರುಗಿ ನೋಡಲಿಲ್ಲ.